ಬರೆದು ಕೇಳಿಸುವ ಪ್ರಾರ್ಥನೆ: ಅಮೆರಿಕದ ಕನ್ನಡ ಕೂಟಗಳ ಬಂಧುಗಳಿಗೆ ಒಂದು ಬಹಿರಂಗ ಪತ್ರ

ಅಮೆರಿಕದ ಬೇರೆ ಬೇರೆ ಊರುಗಳ ಕನ್ನಡ ಕೂಟಗಳ ಆತ್ಮೀಯ ಬಂಧುಗಳೇ,

ನಾನು ಬಾಸ್ಟನ್ ಬಳಿಯ ಊರೊಂದರಲ್ಲಿ ನೆಲೆಸಿ ದಶಕಗಳಾದವು. ಕೂಟದ ಹಬ್ಬಗಳಿಗೆ ಅಡುಗೆ ಮಾಡಿದ್ದೇನೆ, ಸ್ಮರಣ ಸಂಚಿಕೆಗಳ ಕರಡು ತಿದ್ದಿದ್ದೇನೆ, ನಿಮ್ಮಲ್ಲಿ ಹಲವರ ಮಕ್ಕಳಿಗೆ ಅಕ್ಷರಮಾಲೆ ಬರೆಸಿದ್ದೇನೆ. ಆ ಸಲಿಗೆಯಿಂದ ಈ ಪತ್ರ ಬರೆಯುತ್ತಿದ್ದೇನೆ. ಇದರಲ್ಲಿರುವುದು ನಮ್ಮ ನೆರೆಹೊರೆಯ ಯೆಹೂದಿಗಳ ಒಂದು ಸಾಧನೆಯ ಸಂಗತಿ. ಆರೇಳು ಜನ ಸರೀಕರು ಒಂದು ಮೇಜಿನ ಸುತ್ತ ಕೂತು ಬರೆಯುತ್ತಾರೆ, ಬರೆದದ್ದನ್ನು ಒಬ್ಬರಿಗೊಬ್ಬರು ಓದಿ ಹೇಳುತ್ತಾರೆ. ಕಲಿಸುವ ಗುರು ಇಲ್ಲ, ಅಧ್ಯಕ್ಷರಿಲ್ಲ, ಎಲ್ಲಿಯಾದರೂ ಅಚ್ಚಾಗಲಿ ಎಂಬ ಆಸೆಯಿಲ್ಲ. ಅವರಿಗೆ ಅದು ಪ್ರಾರ್ಥನೆಯ ಒಂದು ಬಗೆ. ಆ ಮೇಜಿನ ಬಳಿ ನನಗೂ ಒಂದು ಕುರ್ಚಿ ಕೊಟ್ಟು ಕೆಲವು ವರ್ಷಗಳಾದವು. ಅಲ್ಲಿ ಕಂಡದ್ದನ್ನು ಹೇಳಿ, ಆಮೇಲೆ ನಿಮ್ಮನ್ನು ಕೇಳಬೇಕಾದ್ದನ್ನು ಕೇಳುತ್ತೇನೆ.

ನನ್ನನ್ನು ಕರೆದವಳು ಪಕ್ಕದ ಮನೆಯವಳು. ಅದು ಅವಳ ತಂದೆ ತೀರಿಕೊಂಡ ವರ್ಷ. ಯೆಹೂದಿಗಳು ತಂದೆ ತಾಯಿ ಹೋದರೆ ಹನ್ನೊಂದು ತಿಂಗಳು ‘ಕದ್ದಿಷ್’ ಎಂಬ ಪ್ರಾರ್ಥನೆ ಹೇಳುತ್ತಾರೆ. ಅದನ್ನು ಮನೆಯಲ್ಲಿ ಒಬ್ಬರೇ ಕೂತು ಹೇಳುವಂತಿಲ್ಲ. ಹತ್ತು ಜನ ವಯಸ್ಕರು ಸೇರಲೇಬೇಕು. ಸಂಪ್ರದಾಯಸ್ಥರಲ್ಲಿ ಹತ್ತು ಗಂಡಸರು, ಬೇರೆ ಪಂಗಡಗಳಲ್ಲಿ ಹೆಂಗಸರೂ ಲೆಕ್ಕಕ್ಕೆ ಬರುತ್ತಾರೆ. ಈ ಊರಿನ ಜನವರಿಯಲ್ಲಿ, ಬೆಳಕು ಹರಿಯುವ ಮುಂಚೆ ಕಾರಿನ ಮೇಲಿನ ಹಿಮ ಕೆರೆದು ಅವಳು ಯೆಹೂದಿಗಳ ಪ್ರಾರ್ಥನಾಮಂದಿರವಾದ ಸಿನಗಾಗ್‌ಗೆ ಹೊರಡುವುದನ್ನು ನಮ್ಮ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಕದ್ದಿಷ್‌ನಲ್ಲಿ ಸಾವಿನ ಮಾತೇ ಇಲ್ಲ, ಸತ್ತವರ ಹೆಸರೂ ಇಲ್ಲ. ಬಹುಪಾಲು ಅರಾಮಾಯಿಕ್ ಭಾಷೆಯಲ್ಲಿ ದೇವರ ಮಹಿಮೆಯನ್ನು ಕೊಂಡಾಡುವ ಪ್ರಾರ್ಥನೆ ಅದು. “ದಿನಾ ಅಪ್ಪನಿಗೋಸ್ಕರ ಹೋಗ್ತೀನಿ, ಆದರೆ ಅಲ್ಲಿ ಅಪ್ಪ ಇರೋದಿಲ್ಲ. ಮಂಗಳವಾರ ಸಂಜೆ ಸಿಗ್ತಾರೆ, ನೀನೂ ಬಾ” ಅಂದಳು ಒಂದು ದಿನ.

ಮಂಗಳವಾರ ಸಂಜೆ ಎಂದರೆ ಈ ಬರೆಯುವ ಗುಂಪು. ಅಲ್ಲಿ ಓದಿದ್ದು ಅಲ್ಲೇ ಉಳಿಯಬೇಕು ಎನ್ನುವುದು ಅದರ ಮೊದಲ ಕಟ್ಟಳೆ. ಬರೆದವರೇ ಮಾರನೆಯ ದಿನ ಅಂಗಡಿಯಲ್ಲಿ ಎದುರಾದರೂ ನಾವಾಗಿ ಆ ಮಾತು ಎತ್ತುವಂತಿಲ್ಲ. ಈ ಪತ್ರಕ್ಕಾಗಿ ಅವಳ ಅಪ್ಪಣೆ ಕೇಳಿದೆ. ಚೀಟಿಗಳ ವಿಷಯ ಬರೆ, ಉಳಿದದ್ದು ಬೇಡ ಅಂದಳು. ಅವಳ ತಂದೆ ಔಷಧಿ ಅಂಗಡಿ ಇಟ್ಟಿದ್ದವರು, ಮನೆಯಲ್ಲೂ ಪ್ರತಿಯೊಂದು ಸೀಸೆ, ಡಬ್ಬಿಗೆ ಚೀಟಿ ಅಂಟಿಸುತ್ತಿದ್ದರಂತೆ. ಮನೆ ಖಾಲಿ ಮಾಡಿದ ವಾರ ಅವಳು ಬರೆದದ್ದು ಆ ಚೀಟಿಗಳ ಪಟ್ಟಿಯನ್ನು ಮಾತ್ರ. ಜೇನುತುಪ್ಪ, ಮುಚ್ಚಳ ತೆಗೆದದ್ದು ಮಾರ್ಚಿನಲ್ಲಿ. ಸಣ್ಣ ಮೊಳೆ. ಜೊತೆ ಕಳೆದುಹೋದ ಗುಂಡಿಗಳು. ಯಾವ ಬೀಗದ ಕೀಲಿಯೋ ತಿಳಿಯದು. ಹೀಗೇ ಒಂದೂವರೆ ಪುಟ. ಓದಿ ಮುಗಿಸಿದ ಮೇಲೆ ಯಾರೂ ಸಮಾಧಾನ ಹೇಳಲಿಲ್ಲ, ಬರಹ ಚೆನ್ನಾಗಿದೆ ಎಂದೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಬ್ಬ ಹಿರಿಯರು, ಬೀಗ ಯಾವುದೆಂದು ಮರೆತರೂ ಕೀಲಿಯನ್ನು ಎಸೆಯಲಿಲ್ಲವಲ್ಲ, ನನಗೆ ಅದು ಉಳಿಯಿತು ಅಂದರು. ಇನ್ನೊಬ್ಬರಿಗೆ ಗುಂಡಿಗಳು ಉಳಿದಿದ್ದವು. ಅವಳು ತಲೆಯಾಡಿಸಿ ಪುಸ್ತಕ ಮುಚ್ಚಿದಳು. ಸರದಿ ಮುಂದಿನವರಿಗೆ ಹೋಯಿತು.

ಬೆಳಗ್ಗೆ ಹೇಳುವ ಕದ್ದಿಷ್ ಮತ್ತು ಸಂಜೆ ಬರೆಯುವ ಪಟ್ಟಿ ಒಂದಕ್ಕೊಂದು ಎದುರಾಳಿಗಳಲ್ಲ. ಯೆಹೂದಿ ಪ್ರಾರ್ಥನೆಯಲ್ಲಿ ಇವೆರಡರ ಎಳೆದಾಟ ಮೊದಲಿನಿಂದ ಇದೆ. ಕಟ್ಟಿಟ್ಟ ಮಾತು ಒಂದು ಕಡೆ, ಹೇಳುವವರ ಮನಸ್ಸು ಇನ್ನೊಂದು ಕಡೆ. ಸುಮಾರು 1,800 ವರ್ಷಗಳ ಹಿಂದೆ ಸಂಗ್ರಹವಾದ ಮಿಷ್ನಾ ಗ್ರಂಥದಲ್ಲಿ ರಬ್ಬಿ (ಧರ್ಮಗುರು) ಎಲೀಯೆಜರ್ ಎಂಬವರು, ಪ್ರಾರ್ಥನೆಯನ್ನು ಬರೀ ನೇಮವಾಗಿ ಮುಗಿಸುವವನದು ಮೊರೆಯೇ ಆಗುವುದಿಲ್ಲ ಎಂದು ಎಚ್ಚರಿಸಿದ್ದಾರೆ. ಸಮುವೇಲನ ಗ್ರಂಥದ ಹನ್ನಳ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಮಕ್ಕಳಿಲ್ಲದ ಹೆಣ್ಣುಮಗಳು ದೇವಾಲಯದಲ್ಲಿ ತುಟಿ ಮಾತ್ರ ಅಲುಗಿಸುತ್ತ ತನ್ನದೇ ಮಾತಿನಲ್ಲಿ ಬೇಡಿಕೊಳ್ಳುತ್ತಾಳೆ. ಪುರೋಹಿತ ಏಲಿ ಅವಳು ಕುಡಿದಿದ್ದಾಳೆಂದು ತಿಳಿಯುತ್ತಾನೆ. ಮುಂದೆ, ಮಿಷ್ನಾದ ಮೇಲಿನ ಚರ್ಚೆಗಳ ಸಂಗ್ರಹವಾದ ತಾಲ್ಮುಡ್‌ನ ಪಂಡಿತರು ಪ್ರಾರ್ಥನೆ ಹೇಗಿರಬೇಕೆಂಬ ನಿಯಮಗಳನ್ನು ತೆಗೆದದ್ದು ಪುರೋಹಿತನಿಂದ ಅಲ್ಲ, ಆ ಹೆಂಗಸಿನಿಂದ. ಜರ್ಮನಿಯ ಹ್ಯಾಂಬರ್ಗ್‌ನ ಗ್ಲಿಕ್ಲ್ ಎಂಬ ವ್ಯಾಪಾರಸ್ಥೆ 1689ರಲ್ಲಿ ಗಂಡನನ್ನು ಕಳೆದುಕೊಂಡು, ನಿದ್ದೆ ಬಾರದ ರಾತ್ರಿಗಳನ್ನು ದಾಟಲು 1691ರಲ್ಲಿ ಮಕ್ಕಳಿಗಾಗಿ, ಯೆಹೂದಿಗಳ ಆಡುಮಾತಾದ ಯಿದ್ದಿಷ್‌ನಲ್ಲಿ ತನ್ನ ಬದುಕಿನ ಕಥೆ ಬರೆಯತೊಡಗಿದಳು. ನಡುನಡುವೆ ದೇವರೊಡನೆ ಮಾತಾಡುತ್ತಾಳೆ, ಸಾಲದ ಲೆಕ್ಕವನ್ನೂ ಹೇಳುತ್ತಾಳೆ. ಆದರೆ ಅವಳು ಒಂಟಿಯಾಗಿ ಬರೆದಳು. ನಾನು ಹೇಳಹೊರಟದ್ದು ಒಟ್ಟಿಗೆ ಬರೆಯುವವರ ವಿಷಯ.

ಒಟ್ಟಿಗೆ ಎನ್ನುವ ಈ ಪಟ್ಟು ಅವರಿಗೆ ಓದಿನಿಂದ ಬಂದದ್ದು. ಯೆಹೂದಿ ಪಾಠಶಾಲೆಗೆ ಹೋದರೆ ಮೌನವಾದ ಗ್ರಂಥಾಲಯ ಕಾಣುವುದಿಲ್ಲ. ಇಬ್ಬಿಬ್ಬರು ಎದುರುಬದುರು ಕೂತು ಒಂದೇ ಪುಟದ ಮೇಲೆ ಗಟ್ಟಿಯಾಗಿ ಜಗಳಾಡುವ ಸದ್ದು ಕಿವಿಗೆ ಬಡಿಯುತ್ತದೆ. ಹೀಗೆ ಜೋಡಿಯಾಗಿ ಓದುವುದಕ್ಕೆ ‘ಖವ್ರೂತಾ’ ಎನ್ನುತ್ತಾರೆ. ತಾಲ್ಮುಡ್‌ನಲ್ಲಿ ಇದರದೇ ಒಂದು ದಾರುಣ ಕಥೆಯಿದೆ. ಮೂರನೆಯ ಶತಮಾನದ ರಬ್ಬಿ ಯೋಹನಾನ್ ಮತ್ತು ರೇಷ್ ಲಾಕಿಷ್ ಓದಿನ ಜೊತೆಗಾರರು. ರೇಷ್ ಲಾಕಿಷ್ ಒಂದು ಕಾಲಕ್ಕೆ ದರೋಡೆಕೋರ. ಯೋಹನಾನರೇ ಅವನನ್ನು ಓದಿಗೆ ಎಳೆದು ತಂದು, ತಂಗಿಯನ್ನು ಕೊಟ್ಟು ಮದುವೆ ಮಾಡಿದರು. ಒಂದು ವಾದದಲ್ಲಿ ಯೋಹನಾನರು ಅವನ ಹಳೆಯ ಕಸುಬನ್ನು ಎತ್ತಿ ಚುಚ್ಚಿದರು. ಮನಸ್ಸು ಮುರಿಯಿತು, ರೇಷ್ ಲಾಕಿಷ್ ಕಾಯಿಲೆ ಬಿದ್ದು ಸತ್ತ. ದುಃಖದಲ್ಲಿದ್ದ ಯೋಹನಾನರಿಗೆ ಬೇರೊಬ್ಬ ಮಹಾಪಂಡಿತರನ್ನು ಜೊತೆ ಮಾಡಿದರು. ಇವರು ಏನೇ ಹೇಳಿದರೂ ಆತ ಅದಕ್ಕೆ ಬೆಂಬಲವಾಗಿ ಒಂದು ಆಧಾರ ತೋರಿಸುತ್ತಿದ್ದರು. ಯೋಹನಾನರು ಸಿಡಿದುಬಿದ್ದರು: ನಾನು ಹೇಳಿದ್ದು ಸರಿ ಎಂದು ನನಗೆ ಗೊತ್ತಿಲ್ಲವೇ? ಅವನಾಗಿದ್ದರೆ 24 ಆಕ್ಷೇಪ ಎತ್ತುತ್ತಿದ್ದ, ನಾನು 24 ಉತ್ತರ ಕೊಡುತ್ತಿದ್ದೆ, ವಿಷಯ ತಾನಾಗಿ ಹಿಗ್ಗುತ್ತಿತ್ತು, ಎಂಬ ಅರ್ಥದ ಮಾತು ಅದು. ಕಡೆಗೆ ಬಟ್ಟೆ ಹರಿದುಕೊಂಡು ಗೆಳೆಯನ ಹೆಸರು ಕೂಗುತ್ತ ಬುದ್ಧಿ ಕಳೆದುಕೊಂಡು ತೀರಿಕೊಂಡರು.

ನನ್ನನ್ನು ಬಹಳ ಕಾಲ ಕಾಡಿದ ಕಥೆ ಇದು. ಆಕ್ಷೇಪಿಸುವುದೇ ಸ್ನೇಹವಾದರೆ, ಬರೆಯುವ ಗುಂಪಿನಲ್ಲಿ ಯಾರೂ ಆಕ್ಷೇಪಿಸುವುದಿಲ್ಲವೇಕೆ? ಗುಂಪಿನವರು ಕೊಟ್ಟ ಉತ್ತರ ನನಗೆ ಒಪ್ಪಿಗೆಯಾಯಿತು. ಅಲ್ಲಿ ಸಂಜೆ ಎರಡು ಭಾಗ. ಮೊದಲು ಯೆಹೂದಿಗಳ ಮೂಲ ಧರ್ಮಗ್ರಂಥ ತೋರಾದ ಹತ್ತು ಹದಿನೈದು ಸಾಲು ಓದುತ್ತಾರೆ. ಅದರ ಮೇಲೆ ಕೈ ಎತ್ತಿ, ಧ್ವನಿ ಏರಿಸಿ, ಒಬ್ಬರ ಮಾತು ಒಬ್ಬರು ಕತ್ತರಿಸಿ ವಾದಿಸುತ್ತಾರೆ. ಆಮೇಲೆ ಬರವಣಿಗೆ. ಬರೆದದ್ದರ ಮೇಲೆ ವಾದವಿಲ್ಲ. ಗ್ರಂಥ ಸಾವಿರಾರು ವರ್ಷಗಳ ಏಟು ತಡೆದುಕೊಂಡಿದೆ, ಇಪ್ಪತ್ತು ನಿಮಿಷದ ಹಿಂದೆ ಹುಟ್ಟಿದ ಬರಹ ತಡೆದುಕೊಳ್ಳಲಾರದು. ಯೋಹನಾನರು ಗೆಳೆಯನನ್ನು ಕಳೆದುಕೊಂಡದ್ದು ಅವನ ವಾದವನ್ನು ಟೀಕಿಸಿದ್ದರಿಂದಲ್ಲ, ಅವನ ಬದುಕನ್ನು ಎತ್ತಿ ಆಡಿದ್ದರಿಂದ.

ಸಂಜೆಯ ಕ್ರಮವನ್ನು ಇನ್ನಷ್ಟು ಬಿಡಿಸಿ ಹೇಳುತ್ತೇನೆ, ಏಕೆಂದರೆ ಎಲ್ಲವೂ ಕ್ರಮದಲ್ಲೇ ಇದೆ. ಶುರುವಿಗೆ ಶಬ್ದಗಳಿಲ್ಲದ ಒಂದು ರಾಗ, ‘ನಿಗ್ಗುನ್’, ಎಲ್ಲರೂ ಸೇರಿ ಗುನುಗುತ್ತಾರೆ. ನಮ್ಮ ಆಲಾಪದಂತೆ ಬಿಡಿಸುವುದಿಲ್ಲ, ಅದೇ ನಾಲ್ಕು ಎಳೆ ಮತ್ತೆ ಮತ್ತೆ ಬರುತ್ತದೆ. ಬಳಿಕ, ತೋರಾ ಅಧ್ಯಯನಕ್ಕೆ ಕೂರುವಾಗ ಹೇಳುವ ಆಶೀರ್ವಚನವನ್ನೇ ಬರವಣಿಗೆಗೂ ಹೇಳುತ್ತಾರೆ. ಬರೆಯುವುದೂ ಅಧ್ಯಯನವೇ ಎಂಬ ತಿಳಿವಳಿಕೆ ಅದರಲ್ಲಿದೆ. ಸಂಜೆ ನಡೆಸುವ ಹೊಣೆ ಪ್ರತಿ ಸಲ ಒಬ್ಬೊಬ್ಬರದು. ಗುಂಪಿನಲ್ಲಿ ಒಬ್ಬರು ನಿವೃತ್ತ ರಬ್ಬಿ ಇದ್ದಾರೆ, ಅವರ ಸರದಿಯೂ ಉಳಿದವರಷ್ಟೇ. ನಡೆಸುವವರೂ ಬರೆಯಬೇಕು. ಸಾಮಾನ್ಯವಾಗಿ ಕೈಬರಹ, ಇಪ್ಪತ್ತು ನಿಮಿಷ. ಓದಲು ಮನಸ್ಸಿಲ್ಲದವರು ಇವತ್ತು ಬೇಡ ಎಂದರೆ ಸಾಕು, ಕಾರಣ ಕೇಳುವುದಿಲ್ಲ. ಓದಿದವರಿಗೆ ಉಳಿದವರು ಹೇಳುವುದು ತಮ್ಮ ಕಿವಿಯಲ್ಲಿ ನಿಂತದ್ದನ್ನು ಮಾತ್ರ. ಗುಂಪು ಅಧ್ಯಯನ ಮುಗಿಸಿದಾಗ ಹೇಳುವ ಕದ್ದಿಷ್ ಬೇರೆಯೇ ಇದೆ. ಅದರಲ್ಲಿ ಗುರುಗಳಿಗೆ, ಅವರ ಶಿಷ್ಯರಿಗೆ, ಶಿಷ್ಯರ ಶಿಷ್ಯರಿಗೆ ಒಳಿತಾಗಲಿ ಎಂಬ ಬೇಡಿಕೆಯಿದೆ. ಅದಕ್ಕೂ ಹತ್ತು ಜನ ಬೇಕು. ಆರೇಳು ಜನರ ಗುಂಪಿಗೆ ಅದು ಒದಗುವುದಿಲ್ಲ; ಅದಕ್ಕೆ ಯಾರೂ ಅಡ್ಡದಾರಿ ಹುಡುಕುವುದಿಲ್ಲ, ಹೇಳದೆ ಏಳುತ್ತಾರೆ. ಈ ಶಿಸ್ತು ನನಗೆ ಮೆಚ್ಚು.

ಮಂಗಳವಾರವೇ ಏಕೆ, ಎಲ್ಲರಿಗೂ ಬಿಡುವಿರುವ ಶನಿವಾರ ಆಗದೇ ಎಂದು ಕೇಳಬಹುದು. ಶುಕ್ರವಾರ ಸೂರ್ಯ ಮುಳುಗಿದಲ್ಲಿಂದ ಶನಿವಾರ ನಕ್ಷತ್ರ ಕಾಣುವವರೆಗೆ ಶಬ್ಬಾತ್. ಆ ದಿನ ಬಿಡಬೇಕಾದ ಕೆಲಸಗಳು 39, ಅವುಗಳಲ್ಲಿ ಬರೆಯುವುದೂ ಒಂದು. ಎರಡು ಅಕ್ಷರ ಬರೆದರೂ ಮುರಿದಂತೆ. ಗುಂಪಿನಲ್ಲಿ ಈ ನಿಯಮ ಪಾಲಿಸದವರೂ ಇದ್ದಾರೆ, ಆದರೆ ಪಾಲಿಸುವ ಒಬ್ಬರಿಗಾಗಿ ಎಲ್ಲರೂ ವಾರದ ನಡುವೆ ಸೇರುತ್ತಾರೆ.

ನಾನು ಹೋದ ಮೊದಲ ಸಂಜೆಗಳಲ್ಲೊಂದರ ಪಾಠ ತೋರಾದ ಮೊದಲ ಪುಸ್ತಕ ಆದಿಕಾಂಡದ 22ನೆಯ ಅಧ್ಯಾಯ. ಅಬ್ರಹಾಮ ಮಗ ಇಸಾಕನನ್ನು ಬಲಿ ಕೊಡಲು ಬೆಟ್ಟಕ್ಕೆ ಕರೆದೊಯ್ಯುತ್ತಾನೆ. ಕತ್ತಿ ಎತ್ತಿದಾಗ ದೇವದೂತ ತಡೆಯುತ್ತಾನೆ. ಪೊದೆಯಲ್ಲಿ ಸಿಕ್ಕಿಕೊಂಡಿದ್ದ ಟಗರು ಬಲಿಯಾಗುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ 19ನೆಯ ವಚನ ನೋಡಿ: ಅಬ್ರಹಾಮ ತನ್ನ ಆಳುಗಳ ಬಳಿಗೆ ಹಿಂದಿರುಗಿದ ಎಂದಿದೆ, ಇಸಾಕನ ಹೆಸರೇ ಇಲ್ಲ. ಹುಡುಗ ಎಲ್ಲಿ ಹೋದ? ಮುಂದಿನ ಅಧ್ಯಾಯ ತಾಯಿ ಸಾರಾಳ ಸಾವಿನಿಂದ ಶುರುವಾಗುತ್ತದೆ. ಹಿಂದಿನವರು ಈ ಎರಡನ್ನೂ ಜೋಡಿಸಿ, ಬೆಟ್ಟದ ಸುದ್ದಿ ಕೇಳಿಯೇ ಅವಳ ಪ್ರಾಣ ಹೋಯಿತು ಎಂದು ಕಥೆ ಕಟ್ಟಿದರು. ಹೀಗೆ ಗ್ರಂಥ ಮೌನವಾಗಿರುವ ಕಡೆ ಮಾತು ತುಂಬುವ ಬರಹಕ್ಕೆ ‘ಮಿದ್ರಾಷ್’ ಎನ್ನುತ್ತಾರೆ, ಅದಕ್ಕೆ ಶತಮಾನಗಳ ಮನ್ನಣೆಯಿದೆ. ಇಂದಿನ ಬರೆಯುವ ಗುಂಪುಗಳು ಆ ಕೆಲಸವನ್ನೇ ಮುಂದುವರಿಸುತ್ತಿವೆ. ಆ ಸಂಜೆಯ ಪ್ರಶ್ನೆ: ಇಸಾಕ ಬೆಟ್ಟ ಇಳಿಯುವಾಗ ಏನಾಯಿತು?

ಇಂಗ್ಲಿಷಿನಲ್ಲಿ ಎರಡು ಸಾಲು ಬರೆದೆ, ಹೊಡೆದುಹಾಕಿದೆ. ಆಮೇಲೆ ಕನ್ನಡದಲ್ಲಿ ಬರತೊಡಗಿತು. ಇಸಾಕನ ಬದಲು ನನ್ನಣ್ಣ ಬಂದ. ಪಿಯುಸಿಯಲ್ಲಿ ನಪಾಸಾದ ವರ್ಷ ಅಪ್ಪ ಶಿವಮೊಗ್ಗದ ಹಾಸ್ಟೆಲ್‌ನಿಂದ ಅವನನ್ನು ಬಿಡಿಸಿಕೊಂಡು ಬಂದಿದ್ದರು. ಬಸ್ಸಿನಲ್ಲಿ ಟ್ರಂಕನ್ನು ಕಾಲ ನಡುವೆ ಇಟ್ಟುಕೊಂಡು, ಅಪ್ಪನ ಪಕ್ಕ ಮಾತಿಲ್ಲದೆ ಕೂತು ತೀರ್ಥಹಳ್ಳಿಯವರೆಗೆ ಬಂದ ಹುಡುಗ. ಸರದಿ ಬಂದಾಗ ಇದು ನನ್ನ ಭಾಷೆಯಲ್ಲಿದೆ, ಬೇಡ ಬಿಡಿ ಅಂದೆ. ನಿಮ್ಮ ಭಾಷೆಯಲ್ಲೇ ಓದಿ ಅಂದರು. ಓದಿದೆ. ಒಂದಕ್ಷರ ತಿಳಿಯದವರು ಕದಲದೆ ಕೇಳಿದರು. ಮುಗಿದ ಮೇಲೆ ಎದುರಿಗಿದ್ದ ಹೆಂಗಸು ಕೇಳಿದರು: “‘ಅಣ್ಣ’ ಅಂತ ತುಂಬಾ ಸಲ ಬಂತು. ‘ಅಪ್ಪ’ ಅಂತ ಶುರುವಿಗೆ ಬಂತು, ಆಮೇಲೆ ಬರಲೇ ಇಲ್ಲ. ಅದು ಯಾರು?” ಪುಟ ತಿರುಗಿಸಿ ನೋಡಿದೆ, ನಿಜ. ಬಸ್ಸು ಹೊರಟ ಮೇಲೆ ಅಪ್ಪನನ್ನು ನಾನು ಬರಹದಿಂದ ಇಳಿಸಿಬಿಟ್ಟಿದ್ದೆ. ಬರೆಯುವಾಗ ನನಗೆ ಅದು ಗೊತ್ತಿರಲಿಲ್ಲ. ಭಾಷೆ ಬಲ್ಲ ವಿಮರ್ಶಕರಿಗೂ ಬಹುಶಃ ಕಾಣುತ್ತಿರಲಿಲ್ಲ, ಅವರ ಕಣ್ಣು ಶೈಲಿಯ ಮೇಲೆ ಇರುತ್ತಿತ್ತು.

ಬಂಧುಗಳೇ, ಇಷ್ಟರಿಂದ ಇದೊಂದು ಆರಾಮದ ಸಂಜೆಯ ಹವ್ಯಾಸ ಎಂದುಕೊಳ್ಳಬೇಡಿ. ಇದೇ ಜನ ಇದೇ ಕೆಲಸವನ್ನು ಯಾವ ಸ್ಥಿತಿಯಲ್ಲಿ ಮಾಡಿದ್ದಾರೆ ಎಂಬುದು ಗೊತ್ತಿರಬೇಕು. 1940ರಲ್ಲಿ ನಾಜಿಗಳು ಪೋಲೆಂಡಿನ ವಾರ್ಸಾದ ಯೆಹೂದಿಗಳನ್ನೆಲ್ಲ ‘ಘೆಟ್ಟೊ’ ಎಂಬ ಕೇರಿಯ ಗೋಡೆಯೊಳಗೆ ಕೂಡಿಹಾಕಿದಾಗ, ಇಮ್ಯಾನುಯೆಲ್ ರಿಂಗೆಲ್‌ಬ್ಲುಮ್ ಎಂಬ ಇತಿಹಾಸಕಾರ ಹತ್ತಾರು ಜನರ ಗುಟ್ಟಿನ ಗುಂಪು ಕಟ್ಟಿದ. ಶನಿವಾರಗಳಂದು ಸೇರುತ್ತಿದ್ದುದರಿಂದ ಅದಕ್ಕೆ ಶಬ್ಬಾತ್‌ನ ಸಂತೋಷ ಎಂಬ ಅರ್ಥದ ‘ಓನೆಗ್ ಶಬ್ಬಾತ್’ ಎಂಬ ಗುಪ್ತನಾಮ. ವಿದ್ವಾಂಸರಷ್ಟೇ ಅಲ್ಲ, ಶಾಲಾ ಮೇಷ್ಟ್ರುಗಳು, ಪತ್ರಕರ್ತರು, ರಬ್ಬಿಗಳು, ಎಳೆಯರು ಬರೆದರು. ಲೇಖಕಿ ರಾಖೆಲ್ ಔಎರ್‌ಬಾಖ್ ಬಡವರ ಗಂಜಿಕೇಂದ್ರ ನಡೆಸುತ್ತಲೇ ಅಲ್ಲಿಗೆ ಬರುವವರ ಬಗ್ಗೆ ಬರೆದಳು. 1942ರ ಆಗಸ್ಟ್‌ನಲ್ಲಿ, ಜನರನ್ನು ತ್ರೆಬ್ಲಿಂಕಾದ ಕೊಲೆಶಿಬಿರಕ್ಕೆ ಸಾಗಿಸುತ್ತಿದ್ದಾಗ, ಕಾಗದಗಳನ್ನು ತಗಡಿನ ಪೆಟ್ಟಿಗೆಗಳಲ್ಲಿ ಹಾಕಿ ಶಾಲೆಯೊಂದರ ನೆಲಮಾಳಿಗೆಯಲ್ಲಿ ಹೂತರು. ಮುಂದಿನ ವರ್ಷ ಮತ್ತಷ್ಟನ್ನು ಹಾಲಿನ ಕ್ಯಾನುಗಳಲ್ಲಿ. 1944ರ ಮಾರ್ಚ್‌ನಲ್ಲಿ ರಿಂಗೆಲ್‌ಬ್ಲುಮ್‌ನನ್ನು ಹೆಂಡತಿ ಮಗನೊಂದಿಗೆ ಕೊಂದರು. ಯುದ್ಧ ಮುಗಿದಾಗ ಗುಂಪಿನಲ್ಲಿ ಉಳಿದಿದ್ದವರು ಮೂವರು. ಅವರಿಂದಾಗಿಯೇ 1946ರಲ್ಲಿ ಪೆಟ್ಟಿಗೆಗಳು ಸಿಕ್ಕವು, ಕ್ಯಾನುಗಳು 1950ರಲ್ಲಿ ಸಿಕ್ಕವು.

ರಿಂಗೆಲ್‌ಬ್ಲುಮ್ ಎಡಪಂಥೀಯ, ದೇವರ ಮಾತಾಡಿದವನಲ್ಲ. ಆದರೆ ಅದೇ ಸಂಗ್ರಹದಲ್ಲಿ ಕಲೊನಿಮುಸ್ ಕಲ್ಮನ್ ಶಪೀರಾ ಎಂಬ ಹಸಿದಿಕ್ ಭಕ್ತಿಪಂಥದ ಗುರುವಿನ ಪ್ರವಚನಗಳೂ ಇದ್ದವು. ವಾರ್ಸಾ ಬಳಿಯ ಪಿಯಸೆಚ್ನೋ ಊರಿನ ಈ ರಬ್ಬಿ 1939ರ ಬಾಂಬ್ ದಾಳಿಯಲ್ಲಿ ಒಬ್ಬನೇ ಮಗನನ್ನು ಕಳೆದುಕೊಂಡಿದ್ದರು. ಘೆಟ್ಟೊದಲ್ಲಿ ಶಬ್ಬಾತ್ ದಿನ ಯಿದ್ದಿಷ್‌ನಲ್ಲಿ ಮಾತಾಡುತ್ತಿದ್ದರು. ಶಬ್ಬಾತ್ ಕಳೆದು ಬರೆಯಲು ಅನುಮತಿ ಸಿಗುವವರೆಗೆ ಕಾದು ಅದನ್ನು ಹೀಬ್ರೂನಲ್ಲಿ ಬರೆದಿಡುತ್ತಿದ್ದರು. ಅಂಥ ದಿನಗಳಲ್ಲೂ ನಿಯಮ ಬಿಡಲಿಲ್ಲ. 1943ರ ನವೆಂಬರ್‌ನಲ್ಲಿ ಅವರನ್ನೂ ಕೊಂದರು. ಯುದ್ಧಕ್ಕೆ ಮುಂಚೆಯೇ ಅವರು ಸಾಧಕರ ಸಣ್ಣ ಕೂಟಗಳಿಗಾಗಿ ಒಂದು ಕೈಪಿಡಿ ಬರೆದಿದ್ದರು. ತಮ್ಮ ಟಿಪ್ಪಣಿಗಳಲ್ಲಿ, ಮನುಷ್ಯ ಬರೆಯಬೇಕಾದದ್ದು ಗ್ರಂಥಕರ್ತ ಎನಿಸಿಕೊಳ್ಳಲು ಅಲ್ಲ, ತನ್ನನ್ನೇ ಕಾಗದದ ಮೇಲೆ ಕೊರೆದಿಡಲು ಎಂಬ ವಿಚಾರ ಮುಂದಿಟ್ಟಿದ್ದಾರೆ. ನಮ್ಮ ಮಂಗಳವಾರದ ಮೇಜಿನ ಹಿಂದೆ ಇರುವ ತಿಳಿವಳಿಕೆ ಇದೇ.

ಗುರುವಿಲ್ಲದ ಗುಂಪುಗಳ ಅಮೆರಿಕದ ಚರಿತ್ರೆ ನಮ್ಮ ಬಾಸ್ಟನ್ನಿನ ಮಗ್ಗುಲಲ್ಲೇ ಇದೆ. 1968ರಲ್ಲಿ ಕೆಲವು ತರುಣರು, ದೊಡ್ಡ ಸಿನಗಾಗ್‌ಗಳ ವೇದಿಕೆ ಮತ್ತು ಸಾಲುಕುರ್ಚಿಗಳಿಂದ ಬೇಸತ್ತು, ಹವುರತ್ ಶಾಲೋಮ್ ಎಂಬ ಸಣ್ಣ ಬಳಗ ಶುರುಮಾಡಿದರು. ಸಾಮರ್‌ವಿಲ್‌ನ ಒಂದು ಸಾಧಾರಣ ಮನೆಯಲ್ಲಿ ಅದು ನೆಲೆಗೊಂಡಿತು. ಪ್ರಾರ್ಥನೆ ನಡೆಸುವುದು, ಪಾಠ ಹೇಳುವುದು ಎಲ್ಲ ಸದಸ್ಯರದೇ. ಅಂಥ ಬಳಗಗಳು ಊರೂರಲ್ಲಿ ಹುಟ್ಟಿದವು. 1970ರ ದಶಕದಲ್ಲಿ ಹೆಂಗಸರು ಅಮಾವಾಸ್ಯೆ ಕಳೆದು ತಿಂಗಳು ಹುಟ್ಟುವ ದಿನ ತಮ್ಮದೇ ಕೂಟ ನಡೆಸತೊಡಗಿದರು. ಈ ಬಳಗಗಳಲ್ಲಿ ಪಳಗಿದ ಕವಯಿತ್ರಿ ಮರ್ಲ್ ಫೆಲ್ಡ್ 1999ರಲ್ಲಿ ತಮ್ಮ ಆಧ್ಯಾತ್ಮಿಕ ಬದುಕಿನ ಕಥೆ ಪ್ರಕಟಿಸಿದರು, ಮುಂದೆ ರಬ್ಬಿಗಳಿಗೇ ಬರವಣಿಗೆಯನ್ನು ಸಾಧನೆಯಾಗಿ ಕಲಿಸಿದರು.

ನಮಗೂ ಇದಕ್ಕೂ ಏನು ಸಂಬಂಧ ಎನ್ನುವವರಿಗೆ ಮಂಗಳೂರಿನ ಒಂದು ಸಂಗತಿ ಹೇಳಬೇಕು. ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ 12ನೆಯ ಶತಮಾನದಲ್ಲಿ, 1132ರಿಂದ 1149ರವರೆಗಿನ ಅವಧಿಯ ಬಹುಪಾಲು, ನಮ್ಮ ಕರಾವಳಿಯಲ್ಲಿ ಬಾಳಿದ. ಅಲ್ಲಿ ಕಾಗದ ಸಿಗುತ್ತಿರಲಿಲ್ಲವೆಂದು ಏಡನ್ನಿನ ಗೆಳೆಯರು ಅವನಿಗೆ ಹಡಗಿನಲ್ಲಿ ಕಾಗದ ಕಳಿಸುತ್ತಿದ್ದರು. ಬಂದ ಪತ್ರಗಳ ಖಾಲಿ ಜಾಗದಲ್ಲಿ ಅವನು ಲೆಕ್ಕವನ್ನೂ ಪದ್ಯಗಳನ್ನೂ ಬರೆದ. ದೇವರ ಹೆಸರಿರಬಹುದಾದ ಕಾಗದವನ್ನು ಯೆಹೂದಿಗಳು ಬಿಸಾಡುವುದಿಲ್ಲ. ಕೈರೋದ ಬೆನ್ ಎಜ್ರಾ ಸಿನಗಾಗ್‌ನ ಕೋಣೆಯೊಂದರಲ್ಲಿ ಅವು ಉಳಿದವು. ಅಮಿತಾವ್ ಘೋಷ್ 1992ರ ತಮ್ಮ ಪುಸ್ತಕಕ್ಕಾಗಿ ಬೆನ್ ಯಿಜುವಿನ ಜಾಡು ಹಿಡಿದು ಮಂಗಳೂರಿಗೂ ಬಂದಿದ್ದರು. ಘಟ್ಟದ ಕೆಳಗೆ ಅವನು ಪತ್ರಗಳ ಬೆನ್ನಲ್ಲಿ ಪದ್ಯ ಬರೆಯುತ್ತಿದ್ದ ಶತಮಾನದಲ್ಲೇ ಘಟ್ಟದ ಮೇಲೆ, ಕಲ್ಯಾಣದಲ್ಲಿ, ದೋಣಿ ನಡೆಸುವವರು, ಬಟ್ಟೆ ಒಗೆಯುವವರು, ಕಾಯಕದ ಹೆಂಗಸರು ತಮ್ಮ ಮಾತಿನಲ್ಲಿ ದೇವರೊಡನೆ ಮಾತಾಡಿದರು, ಒಬ್ಬರನ್ನೊಬ್ಬರು ಕೇಳಿಸಿಕೊಂಡರು. ಇವರಿಗೆ ಅವನ ಪರಿಚಯವಿತ್ತೆಂದು ನಾನು ಹೇಳುತ್ತಿಲ್ಲ. ಸರೀಕರ ನಡುವೆ ನುಡಿದದ್ದೇ ಪೂಜೆಯಾಗುವುದು ನಮಗೆ ಹೊಸದಲ್ಲ ಎಂದಷ್ಟೇ ನೆನಪಿಸುತ್ತಿದ್ದೇನೆ.

ಈಗ ನನ್ನ ಬೇಡಿಕೆಗಳು.

ನಮ್ಮ ಕೂಟಗಳಲ್ಲಿ ವೇದಿಕೆಗೆ ಕೊರತೆಯಿಲ್ಲ. ಕವಿಗೋಷ್ಠಿಯಿದೆ, ಊರಿನಿಂದ ಬಂದ ಸಾಹಿತಿಗಳ ಭಾಷಣವಿದೆ, ಸನ್ಮಾನವಿದೆ. ಅವೆಲ್ಲ ನಡೆಯಲಿ, ನಾನೂ ಬರುತ್ತೇನೆ. ಅದರ ಜೊತೆಗೆ ಪ್ರತಿ ಕೂಟದಲ್ಲೂ ಐದರಿಂದ ಎಂಟು ಜನರ ಒಂದು ಮೇಜು ಇರಲಿ ಎಂದು ಬೇಡುತ್ತೇನೆ. ಹದಿನೈದು ದಿನಕ್ಕೊಮ್ಮೆ, ಯಾರದಾದರೂ ಮನೆಯಲ್ಲಿ. ಮುಖ್ಯ ಅತಿಥಿ ಬೇಡ, ಫೋಟೋ ಬೇಡ, ಬರೆದದ್ದು ವಾಟ್ಸ್ಯಾಪ್ ಗುಂಪಿಗೆ ಹೋಗಕೂಡದು. ನಡೆಸುವವರು ಪ್ರತಿ ಸಲ ಬದಲಾಗಲಿ. ನಿಮ್ಮಲ್ಲಿ ಪುಸ್ತಕ ಪ್ರಕಟಿಸಿದ ಲೇಖಕರಿದ್ದರೆ ಅವರಿಗೆ ವಿಶೇಷವಾಗಿ ಕೈಮುಗಿದು ಕೇಳುತ್ತೇನೆ: ಅಲ್ಲಿ ನೀವು ಎಲ್ಲರಂತೆ ಒಬ್ಬರಾಗಿ ಕೂರಿ, ತಿದ್ದಬೇಡಿ. ಅಲ್ಪಪ್ರಾಣ ಮಹಾಪ್ರಾಣ ತಪ್ಪಿದರೆ ತಪ್ಪಲಿ. 1970ರಲ್ಲಿ ಬಂದು ದಶಕಗಟ್ಟಲೆ ಕನ್ನಡ ಬರೆಯದೆ ಇದ್ದ ಹಿರಿಯರು ಪೆನ್ನು ಹಿಡಿಯಲು ಹೆದರುತ್ತಾರೆ. ಒಂದು ತಿದ್ದುಪಡಿ ಅವರನ್ನು ಮತ್ತೆ ಮನೆಗೆ ಕಳಿಸಿಬಿಡುತ್ತದೆ. ಇಲ್ಲೇ ಹುಟ್ಟಿದ ಮಕ್ಕಳು ಇಂಗ್ಲಿಷಿನಲ್ಲಿ ಬರೆಯಲಿ. ಅಜ್ಜಿ ಕನ್ನಡದಲ್ಲಿ ಓದಲಿ, ಮೊಮ್ಮಗಳು ಅರ್ಧ ತಿಳಿದೇ ಕೇಳಲಿ.

ಆದರೆ ಯೆಹೂದಿಗಳ ಆಶೀರ್ವಚನ, ಅವರ ರಾಗಗಳನ್ನು ಎತ್ತಿಕೊಂಡು ಬರಬೇಡಿ. ಅವು ಅವರ ಒಡಂಬಡಿಕೆಯ ಭಾಗ. ನಿಮ್ಮ ಮನೆಯಲ್ಲಿ ದಿನವೂ ಹೇಳುವ ಒಂದು ವಚನವೋ, ಕೀರ್ತನೆಯೋ, ಕುಮಾರವ್ಯಾಸನ ಹತ್ತು ಸಾಲೋ, ಕುರಾನಿನ, ಬೈಬಲಿನ ಭಾಗವೋ ಪಾಠವಾಗಲಿ. ಅದರ ಮೇಲೆ ಮನಸಾರೆ ಜಗಳಾಡಿ. ಗಾಂಧಾರಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ದಿನ ಅವಳ ತಾಯಿ ಏನೆಂದಳು? ಗ್ರಂಥ ಹೇಳದೆ ಬಿಟ್ಟ ಕಡೆಯಿಂದ ನೀವು ಶುರುಮಾಡಿ. ಒಂದು ಎಚ್ಚರ: ಇದು ಮನೋಚಿಕಿತ್ಸೆಯಲ್ಲ. ಯಾರ ಬರಹದಲ್ಲಾದರೂ ಪ್ರಾಣಕ್ಕೆ ಅಪಾಯ ಕಂಡರೆ ಗೋಪ್ಯದ ಕಟ್ಟಳೆಯನ್ನು ಪಕ್ಕಕ್ಕಿಟ್ಟು ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ.

ಯೆಹೂದಿ ಗುಂಪನ್ನೇ ಕಣ್ಣಾರೆ ನೋಡಬೇಕೆನ್ನುವವರು ಮೊದಲು ಪತ್ರ ಬರೆದು ಕೇಳಿ. 2018ರ ಅಕ್ಟೋಬರ್ 27ರಂದು ಪಿಟ್ಸ್‌ಬರ್ಗ್‌ನ ಸಿನಗಾಗ್‌ನಲ್ಲಿ ಒಬ್ಬ ಬಂದೂಕುಧಾರಿ 11 ಜನರನ್ನು ಕೊಂದ. ಅಂದಿನಿಂದ ಎಷ್ಟೋ ಕಡೆ ಬಾಗಿಲಲ್ಲಿ ಕಾವಲಿದೆ; ಹೇಳದೆ ಕೇಳದೆ ಹೋದ ಅಪರಿಚಿತರು ಅವರಿಗೆ ದಿಗಿಲು ಹುಟ್ಟಿಸಬಾರದು. ಹೋದರೆ ನಿಮ್ಮನ್ನು ಮತಾಂತರಿಸುತ್ತಾರೆಂಬ ಭಯ ಬೇಡ, ಬೇರೆಯವರನ್ನು ತಮ್ಮ ಧರ್ಮಕ್ಕೆ ಸೆಳೆಯುವ ರೂಢಿ ಅವರಲ್ಲಿಲ್ಲ. ಶಬ್ಬಾತ್ ದಿನವಾದರೆ ಪೆನ್ನು, ಫೋನು ಹೊರಗೆ ತೆಗೆಯಬೇಡಿ. ಬರಿಗೈಯಲ್ಲಿ ಹೋಗಬಾರದೆಂದು ಮನೆಯಲ್ಲಿ ಮಾಡಿದ ಚಕ್ಕುಲಿ, ಕೋಡುಬಳೆ ಒಯ್ಯುವುದು ನಮ್ಮ ಅಭ್ಯಾಸ. ಕೋಷರ್ ಎಂಬ ಆಹಾರ ನಿಯಮ ಪಾಲಿಸುವವರು ಬೇರೆ ಅಡುಗೆಮನೆಯದನ್ನು ತಿನ್ನಲಾರರು, ಬೇಡ ಎನ್ನಲು ಸಂಕೋಚಪಡುತ್ತಾರೆ. ಕತ್ತರಿಸದ ಇಡೀ ಹಣ್ಣು ಒಯ್ಯಿರಿ.

ಯಾವಾಗ ಶುರುಮಾಡಬೇಕು ಎನ್ನುವುದಕ್ಕೂ ನನ್ನಲ್ಲೊಂದು ಸಲಹೆಯಿದೆ. ಯೆಹೂದಿ ವರ್ಷದ ಕಡೆಯ ತಿಂಗಳು ಎಲೂಲ್, 29 ದಿನ. ಹೊಸ ವರ್ಷಕ್ಕೆ ಮುಂಚೆ ಮನಸ್ಸಿನ ಲೆಕ್ಕ ಬರೆದು ನೋಡುವ, ನೋಯಿಸಿದವರ ಕ್ಷಮೆ ಕೇಳುವ, ತಂದೆತಾಯಿಯ ಸಮಾಧಿಗೆ ಹೋಗಿಬರುವ ತಿಂಗಳು. ಅವರದೂ ಚಂದ್ರನ ಪಂಚಾಂಗ, ಅಧಿಕಮಾಸವೂ ಇದೆ. ಎರಡರ ಅಧಿಕಮಾಸ ಹಿಂದೆಮುಂದೆ ಆಗದ ವರ್ಷಗಳಲ್ಲಿ ಎಲೂಲ್ ನಮ್ಮ ಭಾದ್ರಪದಕ್ಕೆ ಸರಿಹೊಂದುತ್ತದೆ, ಅದರ ಕೊನೆಯ ಹದಿನೈದು ದಿನ ನಮ್ಮ ಪಿತೃಪಕ್ಷ. ಅವರ ಹೊಸ ವರ್ಷದ ಸುಮಾರಿಗೆ ನಮ್ಮ ನವರಾತ್ರಿ. ಗಣೇಶನ ಹಬ್ಬದ ಗದ್ದಲ ಮುಗಿದ ಮೇಲೆ, ಮಹಾಲಯ ಅಮಾವಾಸ್ಯೆಯ ಒಳಗೆ, ನಿಮ್ಮ ಮೊದಲ ಸಂಜೆ ಆಗಲಿ. ಹಿರಿಯರಿಗೆ ಎಡೆ ಇಡುವ ಆ ದಿನಗಳಲ್ಲಿ ಅವರ ಬಗ್ಗೆ ಒಂದು ಪುಟ ಬರೆದು ಮೂವರಿಗೆ ಕೇಳಿಸಿ.

ನಮ್ಮ ಕೂಟದವರಿಗೆ ಒಂದು ಮಾತು: ಭಾದ್ರಪದದಲ್ಲಿ ಮಂಗಳವಾರಗಳನ್ನು ಬಿಟ್ಟು ಬೇರೆ ಯಾವ ಸಂಜೆಯಾದರೂ ನಮ್ಮ ಮನೆಯ ಊಟದ ಮೇಜು ಖಾಲಿಯಿದೆ, ಎಂಟು ಕುರ್ಚಿ ಹಿಡಿಸುತ್ತದೆ. ಬರುವವರು ಕಾರ್ಯದರ್ಶಿಗಳಿಗೆ ಹೆಸರು ಕೊಡಿ. ನೋಟ್‌ಬುಕ್ ತನ್ನಿ. ಪಾಠ ಆರಿಸುವುದು, ಸಂಜೆ ನಡೆಸುವುದು ನಿಮ್ಮಲ್ಲೊಬ್ಬರ ಕೆಲಸ, ಕಾಫಿ ನನ್ನದು.

ಇತಿ ನಿಮ್ಮ ವಿಶ್ವಾಸದ,
ಕೂಟದ ಹಿರಿಯ ಸದಸ್ಯೆ
ಬಾಸ್ಟನ್ ಸಮೀಪ, ಮ್ಯಾಸಚೂಸೆಟ್ಸ್